ನಮ್ಮ ಗೋಡೆ, ಆಚೆ ದಡದ ಮನೆ

(ಮಹಿಳಾ ವೇದಿಕೆಯ ಮಾಸಿಕ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



"ನಿನ್ನ ಕೆಲಸದ ಬಗ್ಗೆ ನಮಗೂ ತಿಳಿಯೋ ಹಾಗೆ ಏನಾದರೂ ಹೇಳಮ್ಮ" ಎಂದು ಕಾರ್ಯದರ್ಶಿಯವರು ಕೇಳಿದರು. ನಾನು ಎಂ.ಟೆಕ್. ಓದಿದ್ದು ಜಿಯೋಇನ್ಫರ್ಮ್ಯಾಟಿಕ್ಸ್‌ನಲ್ಲಿ, ಕೆಲಸ ಐಟಿ ಕಂಪನಿಯಲ್ಲಿ, ನಕ್ಷೆಗಳ ಸಾಫ್ಟ್‌ವೇರ್ ಮೇಲೆ. ಆದರೆ ಇವತ್ತು ಹೇಳುವುದು ನಮ್ಮ ಸೊಸೈಟಿಯ ಹಿಂದೆ ಹರಿಯುವ ಓಢಾದ ಕಥೆ. ನಮ್ಮ ಧಾರವಾಡದ ಕಡೆ ಹಳ್ಳ ಅಂತೀವಲ್ಲ, ಅದೇ.

2019ರ ಸೆಪ್ಟೆಂಬರ್ 25ರ ರಾತ್ರಿ ಪುಣೆಯಲ್ಲಿದ್ದವರು ಯಾರೂ ಮರೆತಿಲ್ಲ. ಕೆಲವೇ ಗಂಟೆಗಳ ಮಳೆಗೆ ಆಂಬಿಲ್ ಓಢಾ ಉಕ್ಕಿತು, ಗೋಡೆಗಳು ಕುಸಿದವು, ಜನ ಪ್ರಾಣ ಕಳೆದುಕೊಂಡರು. ಅದಾದ ಮೇಲೆ ಓಢಾ ಬದಿಯ ಎಲ್ಲರಿಗೂ ಭಯ, ನಮಗೂ. ಸೊಸೈಟಿ ಸಭೆಯಲ್ಲಿ ಓಢಾದ ಉದ್ದಕ್ಕೂ ಎತ್ತರದ ಗೋಡೆ ಕಟ್ಟುವ ಮಾತು ಬಂತು. ಒಪ್ಪಿಗೆಯೆಂದು ಕೈ ಎತ್ತಿದವರಲ್ಲಿ ನಾನೂ ಒಬ್ಬಳು.

ಗೋಡೆ ಎದ್ದ ಮರುವರ್ಷ ಜೋರು ಮಳೆ ಬಂತು. ನಮ್ಮ ಪಾರ್ಕಿಂಗ್‌ಗೆ ಒಂದು ಹನಿ ನೀರು ಬರಲಿಲ್ಲ. ವಾಟ್ಸಾಪ್ ಗುಂಪಿನ ತುಂಬ ಚಪ್ಪಾಳೆಯೋ ಚಪ್ಪಾಳೆ. ಮರುದಿನ ಬೆಳಿಗ್ಗೆ ಮನೆಗೆಲಸದ ಮಾವಶಿ ಬರಲಿಲ್ಲ. ಫೋನ್ ಮಾಡಿದೆ. ಆಕೆಯ ಮನೆ ಓಢಾದ ಆಚೆ ದಡದಲ್ಲಿ. ರಾತ್ರಿಯೆಲ್ಲ ಮಂಡಿಯುದ್ದ ನೀರು; ರೇಶನ್ ಗೋಧಿ, ಹತ್ತನೇ ಕ್ಲಾಸಿನ ಮಗಳ ಪುಸ್ತಕ ಎಲ್ಲ ತೊಯ್ದಿತ್ತು. ಆಕೆ ಬೈಯಲಿಲ್ಲ. "ತಾಈ, ಮೊದಲು ನೀರು ನಿಮ್ಮ ಕಡೆಗೂ ಹೋಗುತ್ತಿತ್ತು. ಈಗ ನಮ್ಮ ಕಡೆಗೇ ಬರುತ್ತದೆ" ಎಂದಳು, ಅಷ್ಟೇ.

ನಾನು ಎರಡು ವರ್ಷ ಓದಿದ್ದನ್ನು ಮಾವಶಿ ಎರಡು ವಾಕ್ಯದಲ್ಲಿ ಹೇಳಿದ್ದಳು. ಉಕ್ಕಿದ ಹಳ್ಳ ಎರಡೂ ಬದಿಗೆ ಹರಡಿಕೊಳ್ಳುತ್ತದೆ. ಒಂದು ಬದಿಗೆ ಗೋಡೆ ಕಟ್ಟಿದರೆ ಆ ನೀರು ಮಾಯವಾಗುವುದಿಲ್ಲ. ಮಟ್ಟ ಏರಿ ಇನ್ನೊಂದು ಬದಿಗೆ ನುಗ್ಗುತ್ತದೆ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಕೈ ಎತ್ತಿದ್ದೆ.

ಹಾಗಾದರೆ ಪ್ರವಾಹದ ನಕ್ಷೆ ಏನು ಹೇಳುತ್ತದೆ? ಮಹಾರಾಷ್ಟ್ರದಲ್ಲಿ ನದಿಗಳಿಗೆ ಎರಡು ರೇಖೆ ಎಳೆಯುತ್ತಾರೆ. ನೀಲಿ ರೇಖೆ 25 ವರ್ಷಕ್ಕೊಮ್ಮೆಯ ಪ್ರವಾಹಕ್ಕೆ, ಕೆಂಪು ರೇಖೆ 100 ವರ್ಷಕ್ಕೊಮ್ಮೆಯ ಪ್ರವಾಹಕ್ಕೆ. "ನೂರು ವರ್ಷಕ್ಕೊಮ್ಮೆ ತಾನೇ, ನಮ್ಮ ಕಾಲಕ್ಕಿಲ್ಲ ಬಿಡಿ" ಅನ್ನಬೇಡಿ. ಅದರ ಅರ್ಥ ಪ್ರತಿ ವರ್ಷವೂ ನೂರಕ್ಕೆ ಒಂದರಷ್ಟು ಸಾಧ್ಯತೆ. 20 ವರ್ಷದ ಹೋಮ್ ಲೋನ್ ತೀರುವುದರೊಳಗೆ ಅದು ಒಮ್ಮೆಯಾದರೂ ಬರುವ ಸಾಧ್ಯತೆ ಸುಮಾರು ಶೇ. 18. ನೀಲಿ ರೇಖೆಯ ಪ್ರವಾಹಕ್ಕಾದರೆ ಶೇ. 56.

ನಾವು ಫ್ಲ್ಯಾಟ್ ಕೊಂಡಾಗ ಬಿಲ್ಡರ್ ತೋರಿಸಿದ್ದೂ ನದಿಯ ರೇಖೆಗಳನ್ನೇ. ನದಿ ದೂರ, ಸರಿ. ಹಿಂದಿನ ಓಢಾ ಆ ನಕ್ಷೆಯಲ್ಲಿ ಕೂದಲೆಳೆಯಷ್ಟಿತ್ತು.

ಇನ್ನೊಂದು ಮಾತು: ನಕ್ಷೆ ಅನ್ನುವುದು ಅಳತೆ ಮಾಡಿದ ದಿನದ ಫೋಟೋ ಇದ್ದ ಹಾಗೆ. ಆಮೇಲೆ ಮೇಲ್ಭಾಗದ ಗುಡ್ಡದಲ್ಲಿ ಕಟ್ಟಡಗಳು ಏಳುತ್ತವೆ. ಅಜ್ಜಿ ಮನೆಯ ಹಿತ್ತಲಲ್ಲಿ ಒಂದು ಕೊಡ ನೀರು ಚೆಲ್ಲಿದರೆ ಮಣ್ಣು ಕುಡಿಯುತ್ತಿತ್ತು. ನಮ್ಮ ಪಾರ್ಕಿಂಗ್ ಟೈಲ್ಸ್ ಮೇಲೆ ಚೆಲ್ಲಿದರೆ ಅಷ್ಟೂ ಗೇಟಿಗೆ ಓಡುತ್ತದೆ. ಮಳೆ ಅಷ್ಟೇ ಇದ್ದರೂ ಹಳ್ಳಕ್ಕೆ ನೀರು ಹೆಚ್ಚು, ಅದೂ ಬೇಗ. ರಸ್ತೆಗೆಂದು ಹಾಕಿದ ಚಿಕ್ಕ ಮೋರಿಗೆ ಕಸ ಸಿಕ್ಕಿಕೊಂಡರೆ ಅದೇ ಒಂದು ಅಣೆಕಟ್ಟು. ಇವನ್ನೆಲ್ಲ ಮತ್ತೆ ಅಳೆದು ಲೆಕ್ಕ ಹಾಕದಿದ್ದರೆ ಹಳೆಯ ರೇಖೆ ಸುಳ್ಳು ಧೈರ್ಯ ಕೊಡುತ್ತದೆ.

ಮನೆಯಲ್ಲೇ ಕುಳಿತು ಲೆಕ್ಕ ಹಾಕೋಣವೆಂದು ಹೊರಟೆ. ಅದಕ್ಕೆ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ. ಆದರೆ ನೆಲದ ಎತ್ತರದ ಮಾಹಿತಿಯೆಂದು ನನಗೆ ಸಿಕ್ಕಿದ್ದು 2000ದ ಫೆಬ್ರವರಿಯಲ್ಲಿ ನಾಸಾದ ನೌಕೆ ಅಳೆದದ್ದು. ಅದರ ಒಂದೊಂದು ಚೌಕ 30 ಮೀಟರ್. ನಮ್ಮ ಓಢಾ, ಗೋಡೆ, ಮಾವಶಿಯ ಮನೆ ಮೂರೂ ಒಂದೇ ಚೌಕದಲ್ಲಿ! ಲ್ಯಾಪ್‌ಟಾಪ್ ಮುಚ್ಚಿಟ್ಟು ಟೇಪ್ ಹಿಡಿದು ಹೊರಟೆ. ಓಢಾದ ಅಗಲ, ಮೋರಿಯ ಬಾಯಿ ಅಳೆದೆ. ಆಚೆ ದಡದ ಹೆಂಗಸರು ತಮ್ಮ ಗೋಡೆಗಳ ಮೇಲೆ ಯಾವ ಮಳೆಗೆ ಎಲ್ಲಿವರೆಗೆ ನೀರು ಬಂತೆಂದು ಬೆರಳಿಟ್ಟು ತೋರಿಸಿದರು. ಅದಕ್ಕಿಂತ ಒಳ್ಳೆಯ ದತ್ತಾಂಶ ನನಗೆ ಯಾವ ಉಪಗ್ರಹವೂ ಕೊಟ್ಟಿಲ್ಲ.

ಅಮೆರಿಕದಲ್ಲಿ ಪ್ರವಾಹದ ಮುಖ್ಯ ಹಾದಿಯಲ್ಲಿ ಕಟ್ಟುವವರು ನೀರಿನ ಮಟ್ಟ ಏರುವುದಿಲ್ಲವೆಂದು ಮೊದಲೇ ಲೆಕ್ಕ ತೋರಿಸಬೇಕು; ಕಟ್ಟಡದಿಂದ ಮಟ್ಟ ಬದಲಾದರೆ ಆರು ತಿಂಗಳೊಳಗೆ ಹೊಸ ಮಾಹಿತಿ ಸಲ್ಲಿಸಬೇಕು. ನಮ್ಮಲ್ಲಿ ಕೇಳುವವರು ನಾವೇ ಆಗಬೇಕು.

ಮುಂದಿನ ಸೊಸೈಟಿ ಸಭೆಯಲ್ಲಿ ಅಳತೆಗಳನ್ನು ಮುಂದಿಟ್ಟು, "ಗೋಡೆಗೆ ಕೈ ಎತ್ತಿದ್ದು ನನ್ನ ತಪ್ಪು" ಎಂದೆ. ಕೆಲವರಿಗೆ ಸಿಟ್ಟು ಬಂತು. "ನಮ್ಮ ಗಾಡಿಗಳು ಮುಳುಗಬೇಕಾ?" ಎಂದರು. ಪ್ರಶ್ನೆ ತಪ್ಪಲ್ಲ. ಆದರೆ ಉತ್ತರ ಇನ್ನೊಬ್ಬರ ಅಡುಗೆಮನೆ ಆಗಬಾರದಲ್ಲ? ಕೊನೆಗೆ ಎರಡೂ ದಡದವರು ಸಹಿ ಹಾಕಿದ ಒಂದೇ ಅರ್ಜಿ ವಾರ್ಡ್ ಆಫೀಸಿಗೆ ಹೋಯಿತು: ಓಢಾವನ್ನು ಮತ್ತೆ ಅಳೆಯಿರಿ, ಮೋರಿ ದೊಡ್ಡದು ಮಾಡಿ, ನಕ್ಷೆ ತಿದ್ದಿ. ಒಮ್ಮೆ ಬಂದು ಅಳೆದುಕೊಂಡು ಹೋಗಿದ್ದಾರೆ. ಹೊಸ ನಕ್ಷೆ ಇನ್ನೂ ಬಂದಿಲ್ಲ. ವಿಚಾರಿಸುತ್ತಲೇ ಇದ್ದೇವೆ.

ನೀವು ಮನೆ ಕೊಳ್ಳುವಾಗ ವಾಸ್ತು ಕೇಳುತ್ತೀರಿ, ನಲ್ಲಿ ನೀರು ಕೇಳುತ್ತೀರಿ. ಜೊತೆಗೆ ಮೂರು ಪ್ರಶ್ನೆ ಕೇಳಿ. ಹತ್ತಿರದ ಹಳ್ಳ ಈ ನಕ್ಷೆಯಲ್ಲಿದೆಯೇ? ಇದನ್ನು ಅಳೆದದ್ದು ಯಾವ ವರ್ಷ? ಆಮೇಲೆ ಮೇಲ್ಭಾಗದಲ್ಲಿ ಏನೇನು ಕಟ್ಟಿದ್ದಾರೆ? ಸೊಸೈಟಿಯಲ್ಲಿ ಗೋಡೆಯ ಮಾತು ಬಂದರೆ ನಾಲ್ಕನೆಯದೂ ಇದೆ: ಈ ನೀರು ಇನ್ನು ಯಾರ ಮನೆಗೆ ಹೋಗುತ್ತದೆ?

ಆ ದಿನ ನಾನು ಈ ಪ್ರಶ್ನೆ ಕೇಳಲಿಲ್ಲ. ನೀವು ಕೇಳಿ.