ತಲೆಗೆ ಹತ್ತೋದಿಲ್ಲ ಎಂಬ ಮಾತು

(ರಜತ ಮಹೋತ್ಸವ ಸಮಾರಂಭದಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಸಂಘದ ಇಪ್ಪತ್ತೈದು ವರ್ಷದ ಸಾಧನೆಯನ್ನು ಕಾರ್ಯದರ್ಶಿಗಳು ಆಗಲೇ ಓದಿದ್ದಾರೆ. ನಾವು ಎಸ್.ಎಸ್.ಎಲ್.ಸಿ.ವರೆಗೆ ಓದಿದ ರೈತರು. ದೊಡ್ಡ ಭಾಷಣ ಬರೋದಿಲ್ಲ. ಒಂದು ತಪ್ಪು ಒಪ್ಪಿಕೊಂಡು ಕೂರುತ್ತೇವೆ.

ನಿರ್ದೇಶಕರಾದ ಮೊದಲ ಐದು ವರ್ಷ ಆಢಾವೆ ಪತ್ರಿಕೆಗೆ ನಾವು ಓದದೇ ಸಹಿ ಹಾಕಿದ್ದೇವೆ. ಅದು ನಿಮ್ಮ ದುಡ್ಡಿನ ಲೆಕ್ಕ. ಯಾರೂ ಮೋಸ ಮಾಡಲಿಲ್ಲ ಎಂಬುದು ನಿಮ್ಮ ಪುಣ್ಯ, ನಮ್ಮ ಜಾಣತನವಲ್ಲ.

ಏಳನೇ ಕ್ಲಾಸಿನಲ್ಲಿ ಮೇಷ್ಟ್ರೊಬ್ಬರು "ನಿನ್ ತಲೆಗೆ ಲೆಕ್ಕ ಹತ್ತಲ್ಲ ಕಣೋ, ಎಮ್ಮೆ ಕಟ್ಕೊ ಹೋಗು" ಎಂದಿದ್ದರು. ಮನೆಯಲ್ಲೂ ಹೌದೆಂದರು. ನಾವೂ ಒಪ್ಪಿಕೊಂಡೆವು. ಒಪ್ಪಿಕೊಂಡರೆ ಒಂದು ಸುಖ ಉಂಟು ನೋಡಿ, ಆಮೇಲೆ ಕಷ್ಟಪಡಬೇಕಾಗಿಲ್ಲ. (ಎಮ್ಮೆ ಕಟ್ಟಿದ್ದರಿಂದ ನಷ್ಟವೇನೂ ಆಗಲಿಲ್ಲ, ಈ ಸಂಘದ ಷೇರು ತಗೊಂಡಿದ್ದೇ ಅದರ ಹಾಲಿನ ದುಡ್ಡಲ್ಲಿ.)

ಒಂದು ಸರ್ವ ಸದಸ್ಯರ ಸಭೆಯಲ್ಲಿ ವಯಸ್ಸಾದ ಅಮ್ಮ ಒಬ್ಬರು ಎದ್ದು, "ಲಾಭ ಇಷ್ಟು ಅಂತ ಓದಿದ್ರಲ್ಲಪ್ಪಾ, ಅಷ್ಟೂ ನಮ್ ಬೋನಸ್ಸಿಗೆ ಯಾಕೆ ಬರ್ಲಿಲ್ಲ?" ಎಂದು ಕೇಳಿದರು. ಅವರು ಹೆಬ್ಬೆಟ್ಟಿನವರು. ಗೋಡೆ ಮೇಲೆ ಇದ್ದಿಲಲ್ಲಿ ಗೆರೆ ಎಳೆದು ಬಟವಾಡೆ ಲೆಕ್ಕ ಇಡುವವರು. ನಮಗೆ ಉತ್ತರ ತಿಳಿಯಲಿಲ್ಲ. "ಆಡಿಟ್‌ನೋರು ಹಂಗೆ ಬರೆದವ್ರೆ" ಎಂದು ಜಾರಿಕೊಂಡೆವು. ಆ ರಾತ್ರಿ ನಿದ್ದೆ ಬರಲಿಲ್ಲ.

ಮರುದಿನದಿಂದ ಸಂಜೆ ಹಾಲು ಅಳೆದಾದ ಮೇಲೆ ಕಾರ್ಯದರ್ಶಿಗಳ ಪಕ್ಕ ಕೂತೆವು. ಮೊದಲು ನಗದು ಶಿಲ್ಕು, ಆಮೇಲೆ ಜಮಾ-ಖರ್ಚು. ನಮ್ಮ ಷೇರು ಹಣವನ್ನು ಜವಾಬ್ದಾರಿ ಕಡೆ ಯಾಕೆ ಬರೀತಾರೆ ಎಂಬುದು ತಿಳಿಯಲು ಒಂದು ವಾರ ಹಿಡಿಯಿತು. ಆ ಹಣ ನಿಮ್ಮದು, ಸಂಘ ನಿಮಗೆ ಕೊಡಬೇಕಾದದ್ದು, ಅದಕ್ಕೆ! ನಿವ್ವಳ ಲಾಭದಲ್ಲಿ ಶೇಕಡಾ 25ಕ್ಕೆ ಕಡಿಮೆ ಇಲ್ಲದಂತೆ ಆಪದ್ಧನ ನಿಧಿಗೆ ಇಡಬೇಕೆಂದು 1959ರ ಸಹಕಾರ ಕಾಯ್ದೆಯೇ ಹೇಳುತ್ತದೆ. ಆ ಅಮ್ಮನ ಮನೆಗೆ ಹೋಗಿ ಹೇಳಿ ಬಂದೆವು. ಯುಗಾದಿಗೆ ಶುರು ಮಾಡಿದ್ದು, ಗೌರಿ ಹಬ್ಬದ ಹೊತ್ತಿಗೆ ಪತ್ರಿಕೆ ಪೂರಾ ಓದಲು ಬಂತು.

ಶ್ರೀರಂಗಪಟ್ಟಣ, ಪಾಂಡವಪುರದ ನಾಲೆ ಬಯಲಲ್ಲಿ ಕಬ್ಬು, ಭತ್ತ. ನಮ್ಮ ಕೆ.ಆರ್. ಪೇಟೆ, ನಾಗಮಂಗಲದ ಖುಷ್ಕಿಯಲ್ಲಿ ರಾಗಿ. ರಾಗಿ ಅಂದ್ರೆ ಇಷ್ಟೇ ಬೆಳೆಯೋದು ಎಂದು ನಮ್ಮ ಹಿರಿಯರು ಸುಮ್ಮನಿದ್ದರು. ಮಂಡ್ಯದ ವಿ.ಸಿ. ಫಾರಂನಲ್ಲಿ 'ರಾಗಿ ಲಕ್ಷ್ಮಣಯ್ಯ'ನವರು ಸುಮ್ಮನಿರಲಿಲ್ಲ. ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣ ರಾಗಿ ಹೂವಿನಲ್ಲಿ ನಮ್ಮ ದೇಶದ ತಳಿಗೂ ಆಫ್ರಿಕಾದ ತಳಿಗೂ ಸಂಕರ ಮಾಡಿ 'ಇಂಡಾಫ್' ರಾಗಿ ಕೊಟ್ಟರು. ರಾಗಿ ಬದಲಾಗುತ್ತೆ ಅಂತ ಒಪ್ಪಿದ ನಾವು, ಮಕ್ಕಳ ತಲೆ ಮಾತ್ರ ಹುಟ್ಟಿದಾಗ ಇದ್ದ ಹಂಗೇ ಅಂತೀವಿ. ಮಕ್ಕಳಿಗೆ ತಳಿ ಬದಲಾಯಿಸೋದು ಬೇಕಿಲ್ಲ, ಹೊಲ ಹದ ಮಾಡಿದರೆ ಆಯ್ತು.

ಬಿ.ಇಡಿ. ಓದುವ ನಮ್ಮ ಅಣ್ಣನ ಮಗಳು ಒಂದು ಸಂಗತಿ ಹೇಳಿದಳು. ಅಮೆರಿಕದಲ್ಲಿ ಮುಲ್ಲರ್, ಡ್ವೆಕ್ ಎಂಬ ಇಬ್ಬರು ವಿದ್ವಾಂಸರು 1998ರಲ್ಲಿ ಪ್ರಕಟಿಸಿದ ಪರೀಕ್ಷೆಯದು. "ನೀನು ಬುದ್ಧಿವಂತ" ಎಂದು ಹೊಗಳಿಸಿಕೊಂಡ ಮಕ್ಕಳು ಆಮೇಲೆ ಸುಲಭದ ಲೆಕ್ಕವನ್ನೇ ಆರಿಸಿಕೊಂಡರಂತೆ. "ಚೆನ್ನಾಗಿ ಶ್ರಮಪಟ್ಟೆ" ಎನ್ನಿಸಿಕೊಂಡವರು ಕಷ್ಟದ್ದಕ್ಕೆ ಕೈ ಹಾಕಿದರಂತೆ. ಆದರೆ 2019ರಲ್ಲಿ ಬಂದ ಇನ್ನೊಂದು ದೊಡ್ಡ ಪರೀಕ್ಷೆಯಲ್ಲಿ, ಬುದ್ಧಿ ಬೆಳೆಯುತ್ತೆ ಎಂದು ಪಾಠ ಹೇಳಿದ್ದರಿಂದ ಹಿಂದುಳಿದ ಮಕ್ಕಳಿಗೆ ಆದ ಲಾಭ ಸಣ್ಣದೇ. ಇರಬಹುದು. ಕಾರ್ಯದರ್ಶಿಗಳು ಪಕ್ಕದಲ್ಲಿ ಕೂರದಿದ್ದರೆ ಬರೀ ನಂಬಿಕೆಯಿಂದ ನಮಗೂ ಲೆಕ್ಕ ಬರುತ್ತಿರಲಿಲ್ಲ.

ಈಗ ತಾನೇ ಹೆಚ್ಚು ಅಂಕದ ಮಕ್ಕಳಿಗೆ ಪ್ರತಿಭಾ ಪುರಸ್ಕಾರ ಕೊಟ್ಟೆವು, ಸಂತೋಷ. ಎಸ್.ಎಸ್.ಎಲ್.ಸಿ. ಫೇಲಾಗಿ, ಮತ್ತೆ ಕಟ್ಟಿ ಪಾಸಾದ ಮಗುವಿಗೂ ಒಂದು ಬಹುಮಾನ ಇಡೋಣ ಎಂದು ಆಡಳಿತ ಮಂಡಳಿಯಲ್ಲಿ ಕೇಳಿದ್ದೇವೆ. ಇಬ್ಬರು ನಿರ್ದೇಶಕರು ಒಪ್ಪಿಲ್ಲ. ಮುಂದಿನ ಸರ್ವ ಸದಸ್ಯರ ಸಭೆಗೆ ವಿಷಯ ತರುತ್ತೇವೆ, ನೀವೇ ತೀರ್ಮಾನ ಮಾಡಿ.