ಕಣದಲ್ಲಿ ಕಾಫಿ, ಫೋನಿನಲ್ಲಿ ‘ಇನ್ಕಮ್ ಟ್ಯಾಕ್ಸ್’

ಇವತ್ತು ಮೊದಲಿಗೆ ನನ್ನದೇ ಒಂದು ತಪ್ಪು ಒಪ್ಕೋಬೇಕು. ಇದೇ ಕುರ್ಚಿಯಲ್ಲಿ ಕೂತು ಎಷ್ಟೋ ಸಲ ಹೇಳಿದ್ದೀನಿ: “ಇನ್ಕಮ್ ಟ್ಯಾಕ್ಸ್‌ನವರು ಯಾರಿಗೂ ಫೋನ್ ಮಾಡಲ್ಲ. ಬಂತು ಅಂದ್ರೆ ಅದು ಮೋಸ, ಕಟ್ ಮಾಡಿ.” ಕೇಳೋಕೆ ಚೆನ್ನಾಗಿದೆ. ಆದರೆ ಪೂರ್ತಿ ನಿಜ ಅಲ್ಲ. ಅದು ನನಗೆ ಅರ್ಥವಾಗಿದ್ದು ಬಿಟ್ಟಂಗಾಲದಲ್ಲಿರೋ ನಮ್ಮ ಚಿಕ್ಕಮ್ಮನಿಂದ.

ಬಿಟ್ಟಂಗಾಲ ಗೊತ್ತಲ್ಲ? ವಿರಾಜಪೇಟೆಯಿಂದ ಗೋಣಿಕೊಪ್ಪಲಿಗೆ ಹೋಗೋ ದಾರಿಯಲ್ಲಿ ಸಿಗೋ ಊರು. ಚಿಕ್ಕಮ್ಮ ಮೇಷ್ಟ್ರಾಗಿದ್ದವರು, ಈಗ ಪಿಂಚಣಿ ಮತ್ತು ಐದು ಎಕರೆ ರೋಬಸ್ಟಾ. ಹೋದ ಫೆಬ್ರವರಿ, ಕೊಯ್ಲು ಮುಗೀತಾ ಬಂದಿತ್ತು, ಕಣದಲ್ಲಿ ಚೆರಿ ಒಣಗ್ತಿತ್ತು. ಆಗ ಫೋನು. “ಮೇಡಂ, ಇನ್ಕಮ್ ಟ್ಯಾಕ್ಸ್ ಆಫೀಸಿನಿಂದ.” ಶುದ್ಧ ಕನ್ನಡ. ಅವರ ಪ್ಯಾನ್ ನಂಬರ್ ಅವನೇ ಹೇಳಿದ. “ಕಾಫಿ ಮಾರಿದ ದುಡ್ಡಿಗೆ 38,400 ರೂಪಾಯಿ ಬಾಕಿ ಇದೆ. ಎರಡು ಗಂಟೆ ಒಳಗೆ ಈ ನಂಬರಿಗೆ ಯುಪಿಐ ಮಾಡಿ. ಇಲ್ಲಾಂದ್ರೆ ಅಕೌಂಟ್ ಫ್ರೀಜ್, ಆಮೇಲೆ ವಾರಂಟ್. ಫೋನ್ ಮಾತ್ರ ಇಡಬೇಡಿ.”

ಓದಿದ ಹೆಂಗಸು ಯಾಕೆ ಹೆದರಬೇಕು ಅಂತೀರಾ? ಓದಿದ್ದಕ್ಕೇ ಹೆದರಿದ್ದು. ಕೃಷಿ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ ಅಂತ ಎಲ್ಲರಿಗೂ ಗೊತ್ತು. ಆದರೆ ಕಾಫಿಗೆ ಒಂದು ಕೊಕ್ಕೆ ಇದೆ. ಬೆಳೆಗಾರನೇ ಕ್ಯೂರಿಂಗ್ ಮಾಡಿಸಿ ಮಾರಿದರೆ, ಆದಾಯ ತೆರಿಗೆ ನಿಯಮಗಳ ಪ್ರಕಾರ ಆ ಆದಾಯದಲ್ಲಿ ಶೇ. 25 ವ್ಯಾಪಾರದ ಆದಾಯ. ಹುರಿದು ಪುಡಿ ಮಾಡಿ ಮಾರಿದರೆ ಶೇ. 40. ಚಿಕ್ಕಮ್ಮ ಮಾರೋದು ಒಣಗಿಸಿದ ಚೆರಿ ಮಾತ್ರ. ಅವರಿಗೆ ಇದು ತಗುಲೋದಿಲ್ಲ. ಆದರೆ ಆ ಕ್ಷಣದಲ್ಲಿ “ಕಾಫಿಗೆ ಏನೋ ಟ್ಯಾಕ್ಸ್ ಇದೆ” ಅನ್ನೋ ಅಷ್ಟೇ ನೆನಪಾಗಿದ್ದು. ಬೆಲೆ ಏರಿದ ಮೇಲೆ ಕೊಡಗಿನ ಕೈಗೆ ದುಡ್ಡು ಬಂದಿದೆ ಅನ್ನೋದು ಕಳ್ಳರಿಗೂ ಗೊತ್ತು.

ಅದೃಷ್ಟಕ್ಕೆ ನೆಟ್‌ವರ್ಕ್ ಹೋಯ್ತು! ನಮ್ಮೂರ ಕಡೆ ಅದಕ್ಕೆ ಬೈಯೋದೇ ಅಭ್ಯಾಸ, ಅವತ್ತು ಕಾಪಾಡಿತು. ಚಿಕ್ಕಮ್ಮ ತೋಟದ ಏರಿಗೆ ಹೋಗಿ ನನಗೆ ಫೋನ್ ಹಚ್ಚಿದರು. ನಾನು ಟಿವಿಯಲ್ಲಿ ಹೇಳಿದ್ದನ್ನೇ ಹೇಳಿದೆ: “ಚಿಕ್ಕಮ್ಮ, ಅವರು ಫೋನ್ ಮಾಡೋದೇ ಇಲ್ಲ. ಇನ್ನೊಂದು ಸಲ ಬಂದ್ರೆ ಬೈದು ಇಡಿ.”

ಮೂರು ವಾರಕ್ಕೆ ಇನ್ನೊಂದು ಫೋನ್ ಬಂತು. ಮೈಸೂರಿನಿಂದ, ಹಳೇ ವರ್ಷದ ಬಾಕಿ ಅಂತ. ಚಿಕ್ಕಮ್ಮ ನಾನು ಹೇಳಿದ ಹಾಗೇ ಬೈದು ಇಟ್ಟರು.

ಅದು ಅಸಲಿ ಫೋನು.

ಆದಾಯ ತೆರಿಗೆ ಇಲಾಖೆಯ ಡಿಮ್ಯಾಂಡ್ ಫೆಸಿಲಿಟೇಷನ್ ಸೆಂಟರ್ ಇರೋದು ಮೈಸೂರಿನಲ್ಲೇ. ಬಾಕಿ ಇರುವವರಿಗೆ ಇ-ಮೇಲ್ ಕಳಿಸೋದು, ಫೋನ್ ಮಾಡಿ ವಿಚಾರಿಸೋದು ಅದರ ಕೆಲಸ. ಚಿಕ್ಕಮ್ಮ ಕೆಲಸದಲ್ಲಿದ್ದ ಒಂದು ವರ್ಷ ಸಂಬಳದಿಂದ ಹಿಡಿದ ಟಿಡಿಎಸ್ ಲೆಕ್ಕಕ್ಕೆ ತಾಳೆ ಆಗಿರಲಿಲ್ಲ. ಅದಕ್ಕೆ ಬಾಕಿ ಬಿದ್ದಿತ್ತು. ಇ-ಮೇಲ್ ಹೋಗಿತ್ತಂತೆ. ಎಲ್ಲಿಗೆ? ರಿಟರ್ನ್ ತುಂಬಿಕೊಟ್ಟವರ ಇ-ಮೇಲ್ ವಿಳಾಸಕ್ಕೆ! ಸ್ವಲ್ಪ ನಿಮ್ಮ ಖಾತೆಯನ್ನೂ ನೋಡ್ಕೊಳ್ಳಿ, ಅಲ್ಲಿರೋ ಮೊಬೈಲು, ಇ-ಮೇಲು ನಿಮ್ಮದೇನಾ ಅಂತ. ಕಟ್ಟದ ಬಾಕಿಗೆ ತಿಂಗಳಿಗೆ ಶೇ. 1ರಂತೆ ಬಡ್ಡಿ ಬೆಳೀತದೆ. ನನ್ನ ಬುದ್ಧಿವಾದಕ್ಕೆ ಬಡ್ಡಿ ಕಟ್ಟಬೇಕಾದವರು ಚಿಕ್ಕಮ್ಮ.

ಹಾಗಾದ್ರೆ ಗುರುತಿಸೋದು ಹೇಗೆ? ದನಿಯಿಂದ ಆಗಲ್ಲ, ಪ್ಯಾನ್ ನಂಬರ್ ಹೇಳಿದ ಅನ್ನೋದರಿಂದಲೂ ಆಗಲ್ಲ. ನಮ್ಮ ಪ್ಯಾನ್ ಕಾರ್ಡಿನ ಜೆರಾಕ್ಸ್ ಎಲ್ಲೆಲ್ಲಿ ಕೊಟ್ಟಿದ್ದೀವಿ ಅಂತ ನಮಗೇ ಲೆಕ್ಕ ಇಲ್ಲ. ನಾನು ಈಗ ಹೇಳೋದು ಒಂದೇ ಪರೀಕ್ಷೆ: ಫೋನ್ ಇಟ್ಟು ನೋಡಿ. “ವಿವರ ಕೊಡಿ, ನಾನೇ ಪೋರ್ಟಲ್‌ನಲ್ಲಿ ನೋಡ್ತೀನಿ” ಅನ್ನಿ. ಇಲಾಖೆಯವರಾದರೆ ಅಸೆಸ್‌ಮೆಂಟ್ ವರ್ಷ, ಡಿಮ್ಯಾಂಡ್ ನಂಬರ್ ಹೇಳಿ ಬಿಡ್ತಾರೆ. ನೀವು ನೋಡಬೇಕು ಅನ್ನೋದೇ ಅವರಿಗೂ ಬೇಕಾಗಿರೋದು. ಕಳ್ಳ ಬಿಡಲ್ಲ. ಅವನ ಬಂಡವಾಳವೇ ನೀವು ಲೈನಿನಲ್ಲಿರೋದು. 2024ರ ಅಕ್ಟೋಬರ್ 27ರ ‘ಮನ್ ಕೀ ಬಾತ್’ನಲ್ಲಿ ಪ್ರಧಾನಿ ಹೇಳಿದ ‘ಡಿಜಿಟಲ್ ಅರೆಸ್ಟ್’ ಕೂಡ ಇದೇ. ಕಾನೂನಿನಲ್ಲಿ ಅಂಥ ಅರೆಸ್ಟೇ ಇಲ್ಲ. ಫೋನ್ ಇಡಬೇಡಿ ಅನ್ನೋದನ್ನೇ ಜೈಲು ಮಾಡಿಟ್ಟಿದ್ದಾರೆ.

ಇಟ್ಟ ಮೇಲೆ, ಅವರು ಕಳಿಸಿದ ಲಿಂಕ್ ಒತ್ತಬೇಡಿ. ಇನ್ಕಮ್‌ಟ್ಯಾಕ್ಸ್ ಡಾಟ್ ಜಿಒವಿ ಡಾಟ್ ಇನ್ ಅಂತ ನೀವೇ ಟೈಪ್ ಮಾಡಿ. ಲಾಗಿನ್ ಆಗಿ ‘ಪೆಂಡಿಂಗ್ ಆ್ಯಕ್ಷನ್ಸ್’ನಲ್ಲಿ ನೋಡಿ. ಬಾಕಿ ನಿಜವಾದರೆ ಅಲ್ಲಿರ್ತದೆ. ಒಪ್ಪದಿದ್ದರೆ ಅಲ್ಲೇ ಉತ್ತರ ಕೊಡಬಹುದು. ನೋಟಿಸ್ ಬಂತು ಅಂದ್ರೆ ‘ಡಿನ್’ ನೋಡಿ. 2019ರ ಅಕ್ಟೋಬರ್ 1ರಿಂದ, ಅಪರೂಪದ ಸಂದರ್ಭ ಬಿಟ್ಟರೆ, ಇಲಾಖೆಯ ಪ್ರತಿ ನೋಟಿಸಿಗೂ ಈ ಗುರುತಿನ ಸಂಖ್ಯೆ ಇರಲೇಬೇಕು. ಸುಳ್ಳು ನಂಬರನ್ನೂ ಮುದ್ರಿಸಬಹುದು, ಅದಕ್ಕೇ ಪೋರ್ಟಲ್‌ನಲ್ಲಿ ಹಾಕಿ ತಾಳೆ ನೋಡಬೇಕು. ಲಾಗಿನ್ ಕೂಡ ಬೇಡ. ಅಲ್ಲಿ ಒಂದು ಓಟಿಪಿ ಬರ್ತದೆ, ಅದನ್ನ ನೀವು ಆ ಪುಟದಲ್ಲಿ ಹಾಕೋದು. ಯಾರಿಗೂ ಬಾಯಲ್ಲಿ ಹೇಳೋದಲ್ಲ. ತೆರಿಗೆ ಕಟ್ಟೋದೂ ಪೋರ್ಟಲ್‌ನಲ್ಲಿ, ಚಲನ್ ಮೂಲಕ. ಯಾವನೋ ಒಬ್ಬನ ಹೆಸರಿನ ಯುಪಿಐಗೆ ಹೋಗೋದು ತೆರಿಗೆ ಅಲ್ಲ. ದುಡ್ಡು ಹೋಗೇಬಿಟ್ಟಿದ್ದರೆ ನಾಚಿಕೊಂಡು ಕೂರಬೇಡಿ, ತಕ್ಷಣ 1930ಕ್ಕೆ ಫೋನ್ ಮಾಡಿ. ತಡ ಆದಷ್ಟೂ ಆ ಹಣ ಖಾತೆಯಿಂದ ಖಾತೆಗೆ ಹಾರ್ತಾ ಹೋಗ್ತದೆ.

ಚಿಕ್ಕಮ್ಮನ ಮಗಳು ಇರೋದು ಅಮೆರಿಕಾದಲ್ಲಿ. ಅವಳಿಗೂ ಹಿಂದೆ ಇಂಥ ಫೋನ್ ಬಂದಿತ್ತು, ಅಲ್ಲಿನ ತೆರಿಗೆ ಇಲಾಖೆ ಐಆರ್‌ಎಸ್ ಹೆಸರಲ್ಲಿ. ಆ ದಂಧೆಯ ಒಂದು ದೊಡ್ಡ ಅಡ್ಡೆ ಸಿಕ್ಕಿದ್ದು ಎಲ್ಲಿ ಗೊತ್ತಾ? ಮುಂಬೈ ಪಕ್ಕದ ಮೀರಾ ರೋಡ್‌ನಲ್ಲಿ. 2016ರ ಅಕ್ಟೋಬರ್‌ನಲ್ಲಿ ಥಾಣೆ ಪೊಲೀಸರು ಅಲ್ಲಿನ ಕಾಲ್ ಸೆಂಟರ್‌ಗಳ ಮೇಲೆ ದಾಳಿ ಮಾಡಿದಾಗ ನೂರಾರು ಹುಡುಗರು ಅಮೆರಿಕಾದ ಅಧಿಕಾರಿಗಳ ಹಾಗೆ ಇಂಗ್ಲಿಷಿನಲ್ಲಿ ಗದರಿಸೋದನ್ನ ಕಲಿತು ಕೂತಿದ್ದರು. ಅವತ್ತು ಇಂಗ್ಲಿಷು, ಇವತ್ತು ನಮ್ಮ ಕನ್ನಡ.

ಕೊನೆಗೆ ನಾನೇ ಬಿಟ್ಟಂಗಾಲಕ್ಕೆ ಹೋದೆ. ಲ್ಯಾಪ್‌ಟಾಪ್ ಹಿಡ್ಕೊಂಡು ಸಿಗ್ನಲ್ ಹುಡುಕಿ ಜಗಲಿಯ ಮೂಲೆಯಲ್ಲಿ ಕೂತೆವು. ಬಾಕಿ ಅಲ್ಲಿತ್ತು. ಹಳೇ ಫಾರಂ 16 ಟ್ರಂಕಿನಲ್ಲಿ ಸಿಕ್ತು, ಒಪ್ಪೋದಿಲ್ಲ ಅಂತ ಉತ್ತರ ಹಾಕಿದೆವು. ಇನ್ನೂ ತೀರ್ಮಾನ ಆಗಿಲ್ಲ. ಮೊನ್ನೆ ನಾನು ಸ್ಟುಡಿಯೋದ ಲ್ಯಾಂಡ್‌ಲೈನಿನಿಂದ ಚಿಕ್ಕಮ್ಮನಿಗೆ ಫೋನ್ ಮಾಡಿದೆ. “ಯಾರು ಅಂತ ಹೇಳಿ ಇಡಿ, ನಾನೇ ತಿರುಗಿ ಮಾಡ್ತೀನಿ” ಅಂದ್ರು. ಹೆಸರು ಹೇಳಿದೆ. ಇಟ್ಟರು. ಹತ್ತು ನಿಮಿಷ ಬಿಟ್ಟು ನನ್ನ ಮೊಬೈಲ್ ಬಡ್ಕೊಳ್ತು: “ಮಗಾ, ಈಗ ಹೇಳು.”