ಚಾವಡಿಯ ಗೋಡೆಯಲ್ಲಿರುವ ಕಡವೆಯ ಕೊಂಬು
(ಗುರುವಾಯನಕೆರೆಯ ರೈತರ ಕೂಟದಲ್ಲಿ ಮಾಡಿದ ಭಾಷಣ)



ನಮ್ಮ ಕಡೆಯ ಕೆಲವು ಹಳೆಯ ಮನೆಗಳ ಚಾವಡಿಯಲ್ಲಿ ಹಲಗೆಗೆ ಬಡಿದ ಕಡವೆಯ ಕೊಂಬನ್ನು ನೀವು ನೋಡಿದ್ದೀರಿ. ಅಜ್ಜನ ಕಾಲದ್ದು. ಮನೆಯ ಯಜಮಾನರಿಗೆ ಅದು ಮನೆತನದ ಗೌರವ. ಉಳಿದವರಿಗೆ ಮುಟ್ಟಾಳೆ, ಕೊಡೆ ತೂಗುಹಾಕುವ ಗೂಟ. ಹಳೆಯ ಸಾಮಾನು ಕೊಳ್ಳುವವರು ಬಂದು ಮರದ ಪೆಟ್ಟಿಗೆಯ ಜತೆಗೆ ಇದಕ್ಕೂ ಬೆಲೆ ಕೇಳಿದರೆ, ದಯವಿಟ್ಟು ಕೊಡಬೇಡಿ.

ಒಂದು ಕಾಲದಲ್ಲಿ ಬೇಟೆಗೆ ಪರವಾನಗಿ ಇತ್ತು. ಮೈಸೂರಿನ ವ್ಯಾನ್ ಇಂಗೆನ್ ಕಾರ್ಖಾನೆಯಲ್ಲಿ ಹುಲಿ, ಕಡವೆಗಳ ತಲೆಗಳನ್ನು ಹದಮಾಡಿ ಹಲಗೆಗೆ ಕೂರಿಸಿ ಕೊಡುತ್ತಿದ್ದರು. ಅದು 1999ರಲ್ಲಿ ಮುಚ್ಚಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಇಂಥ ವಸ್ತುವಿಗೆ ಒಡೆತನದ ಪ್ರಮಾಣಪತ್ರ ಬೇಕಾಯಿತು. ಬಿಟ್ಟುಹೋದವರಿಗೆ 2003ರಲ್ಲಿ ಮತ್ತೆ 180 ದಿನಗಳ ಅವಕಾಶ ಕೊಟ್ಟಿದ್ದರು. ಹಳ್ಳಿಗಳಲ್ಲಿ ಎಷ್ಟು ಮಂದಿಯ ಕಿವಿಗೆ ಅದು ಬಿದ್ದಿತೋ! 2023ರ ಅಕ್ಟೋಬರಿನಲ್ಲಿ ಹುಲಿಯುಗುರಿನ ಗಲಾಟೆ ಎದ್ದಾಗಲೇ ಅನೇಕರು ತಮ್ಮ ಗೋಡೆಯತ್ತ ತಿರುಗಿ ನೋಡಿದ್ದು.

“ನಾವು ಕೊಂದದ್ದಲ್ಲ, ಕಾಡಿನಲ್ಲಿ ಬಿದ್ದು ಸಿಕ್ಕಿದ್ದು” ಎನ್ನುವವರಿದ್ದಾರೆ. ಮಾತು ಸುಳ್ಳಿರಲಾರದು. ಕಾಡುಕೋಣದ ಕೊಂಬು ಎಲುಬಿನ ಮೇಲಿನ ಪೊಳ್ಳು ಕವಚ, ಅದು ಉದುರುವುದಿಲ್ಲ. ಕಡವೆ, ಜಿಂಕೆಗಳಲ್ಲಿ ಗಂಡಿಗೆ ಮಾತ್ರ ಕೊಂಬು; ಅದು ಗಟ್ಟಿ ಎಲುಬು, ಉದುರಿ ಮತ್ತೆ ಬೆಳೆಯುತ್ತದೆ. ಬುಡ ಗುಂಡಗಿದ್ದರೆ ತಾನಾಗಿ ಉದುರಿದ್ದು. ತಲೆಬುರುಡೆಯ ತುಂಡು ಅಂಟಿಕೊಂಡಿದ್ದರೆ ಸತ್ತ ಪ್ರಾಣಿಯದು. ಕಾನೂನಿಗೆ ಮಾತ್ರ ಎರಡೂ ಒಂದೇ. ಚಾರ್ಮಾಡಿಯ ಬುಡದ ಕಾಡಿನಲ್ಲಿ ಬಿದ್ದು ಸಿಕ್ಕಿದರೂ ಅದು ಸರಕಾರದ ಸೊತ್ತು; ಕೈಗೆ ಬಂದರೆ 48 ಗಂಟೆಯೊಳಗೆ ಪೋಲೀಸು ಠಾಣೆಗೋ ಅರಣ್ಯಾಧಿಕಾರಿಗೋ ತಿಳಿಸಬೇಕು. ಬಿದ್ದಲ್ಲೇ ಬಿಡುವುದು ಒಳ್ಳೆಯದು. ಮುಳ್ಳುಹಂದಿಗಳು ಅದನ್ನು ಕಡಿದು ಸುಣ್ಣದ ಸತ್ವ ಪಡೆಯುತ್ತವೆ.

ಈಗ ಮನೆಗೆ ಹೋಗಿ ಪೆಟ್ಟಿಗೆಯಲ್ಲಿ ಹಳೆಯ ಕಾಗದ ಹುಡುಕಿ. ಪ್ರಮಾಣಪತ್ರ ಸಿಕ್ಕಿದರೆ ಜೋಪಾನವಾಗಿಡಿ. ಅದು ಇದ್ದರೂ ಮಾರುವ ಹಾಗಿಲ್ಲ; ತಂದೆಯ ಕಾಲಾನಂತರ ಮಕ್ಕಳಿಗೆ ಬರಬಹುದು, ಆಗ 90 ದಿನದೊಳಗೆ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ತಿಳಿಸಬೇಕು. ಇಟ್ಟುಕೊಳ್ಳಲು ಮನಸ್ಸಿಲ್ಲದಿದ್ದರೆ ಏಳು ಕೆಲಸದ ದಿನಗಳ ಮುಂಚೆ ನೋಟೀಸು ಕೊಟ್ಟು ಅವರಿಗೇ ಒಪ್ಪಿಸಬಹುದು. ಪರಿಹಾರ ಸಿಗದು.

ಕಾಗದವೇ ಇಲ್ಲದವರ ಕಷ್ಟ ದೊಡ್ಡದು. ವಸ್ತು ನ್ಯಾಯವಾಗಿ ಬಂದದ್ದೆಂದು ತೋರಿಸುವ ಹೊಣೆ ಮನೆಯವರದೇ. ಹೆದರಿ ಅಟ್ಟದಲ್ಲಿ ಅಡಗಿಸಬೇಡಿ, ಬಚ್ಚಲೊಲೆಗೆ ಹಾಕಬೇಡಿ, ಸುಡುವುದೂ ಅಪರಾಧವೇ. ಮಗಳ ಹೊಸ ಮನೆಗೆ ಉಡುಗೊರೆಯೆಂದು ಕಳುಹಿಸಬೇಡಿ. ತಿಳಿದ ವಕೀಲರೊಬ್ಬರನ್ನು ಕೇಳಿಕೊಂಡು, ಊರಿನ ಹಿರಿಯರೊಬ್ಬರ ಜತೆಗೆ ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ಹೋಗಿ ವಿಷಯ ಬರೆದು ಕೊಡಿ. ಕೊಟ್ಟದ್ದಕ್ಕೆ ಸಹಿಯಾದ ಒಂದು ಪ್ರತಿಯನ್ನು ಕೇಳಿ ಪಡೆಯಿರಿ.